ಬಸ್ಸಿಗಿರುವ ಬೋರ್ಡು ವಿಮಾನಕ್ಕೇಕಿಲ್ಲ?



ಮಕ್ಕಳ ಬೇಸಿಗೆ ರಜೆ ಹತ್ತಿರ ಬಂತೆಂದರೆ ನಮ್ಮೆಲ್ಲರ ಮನೆಯಲ್ಲೂ ಒಂದೇ ಮಾತು. ಟಿಕೆಟ್ ಆಯ್ತಾ? ಎಷ್ಟಕ್ಕೆ ಸಿಕ್ತು? ಮಧ್ಯೆ ಎಷ್ಟು ಗಂಟೆ ಕಾಯಬೇಕು? ಲಗೇಜು 23 ಕೇಜಿಯದು ಒಂದೋ ಎರಡೋ? ಕಳೆದ ತಿಂಗಳು ನಮ್ಮ ಸಂಘದ ಯುಗಾದಿ ಊಟದ ಪಂಕ್ತಿಯಲ್ಲಿ ಕೋಸಂಬರಿಯಿಂದ ಹಿಡಿದು ಒಬ್ಬಟ್ಟಿನವರೆಗೂ ನಡೆದ ಚರ್ಚೆ ಇದೊಂದೇ. ಯಾರು ಐವತ್ತು ಪೌಂಡ್ ಕಡಿಮೆಗೆ ಕೊಂಡರೋ ಅವರೇ ಅಂದಿನ ಹೀರೋ! (ನಾನಂತೂ ಆ ಪಟ್ಟಕ್ಕೆ ಪ್ರತಿವರ್ಷ ಪ್ರಯತ್ನಿಸಿ ಸೋಲುವವನು.)

ಅದಾದ ವಾರಕ್ಕೆ ಹಾಸನದಲ್ಲಿರುವ ಅಮ್ಮನಿಗೆ ಫೋನ್ ಮಾಡಿ, "ಜುಲೈ ಕೊನೆಗೆ ಎಲ್ಲರೂ ಬರ್ತೀವಮ್ಮ" ಎಂದೆ. ಎಂದಿನಂತೆ "ಎಷ್ಟು ದಿನ ಇರ್ತೀರಿ?" ಎಂಬ ಪ್ರಶ್ನೆ ಬರುತ್ತದೆ ಎಂದುಕೊಂಡಿದ್ದೆ. ಅಮ್ಮ ಬೇರೆಯೇ ಕೇಳಿದರು. "ಯಾವ ದಾರೀಲಿ ಬರುತ್ತೋ ನಿಮ್ಮ ವಿಮಾನ? ಟೀವೀಲಿ ಮಿಸೈಲು ಬಿಡೋದು ತೋರಿಸ್ತಿರ್ತಾರೆ. ಮಕ್ಕಳನ್ನ ಕರ್ಕೊಂಡು ಅದರ ಮೇಲೆಲ್ಲ ಬರಬೇಡ್ರಪ್ಪ."

"ಅದನ್ನೆಲ್ಲ ಪೈಲಟ್ ನೋಡ್ಕೋತಾರಮ್ಮ" ಎಂದು ನಕ್ಕು ಮಾತು ಬದಲಿಸಿದೆ. ಫೋನಿಟ್ಟ ಮೇಲೆ ನಗು ನಿಂತಿತು. ಅಮ್ಮ ಕೇಳಿದ್ದು ಸರಿಯಾದ ಪ್ರಶ್ನೆ. ಅದಕ್ಕೆ ನನ್ನ ಹತ್ತಿರ ಉತ್ತರವೇ ಇರಲಿಲ್ಲ.

ನಮ್ಮಕ್ಕನ ಮನೆ ಪುತ್ತೂರಿನಲ್ಲಿ. ಹಾಸನದಿಂದ ಆ ಕಡೆ ಹೋಗುವ ಕೆಂಪು ಬಸ್ಸಿನ ಬೋರ್ಡಿನಲ್ಲಿ ಊರಿನ ಹೆಸರಿನ ಜೊತೆ ಮಾರ್ಗವನ್ನೂ ಬರೆದಿರುತ್ತಾರೆ: ಸಕಲೇಶಪುರ, ಉಪ್ಪಿನಂಗಡಿ. ಮಳೆಗಾಲದಲ್ಲಿ ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದರೆ ಜಿಲ್ಲಾಧಿಕಾರಿಗಳ ಆದೇಶ ಬರುತ್ತದೆ, ರಸ್ತೆ ಬಂದ್. ಬಸ್ಸು ಹೊರಡುವ ಮೊದಲೇ ಕಂಡಕ್ಟರ್ ಕೂಗುತ್ತಾನೆ: "ಶಿರಾಡಿ ಇಲ್ಲ, ಚಾರ್ಮಾಡಿ ಮೇಲೆ ಹೋಗುತ್ತೆ, ಲೇಟಾಗುತ್ತೆ, ಬೇಡದವರು ಇಳೀರಿ!" ಬೇಡದವರು ಗೊಣಗುತ್ತಾ ಇಳಿಯುತ್ತಾರೆ. ಉಳಿದವರು ಗೊತ್ತಿದ್ದೇ ಕೂರುತ್ತಾರೆ.

ಕೆಲವು ನೂರು ರೂಪಾಯಿಯ ಬಸ್ ಟಿಕೆಟ್ಟಿಗೆ ಸಿಗುವ ಈ ಮರ್ಯಾದೆ, ಇಡೀ ಸಂಸಾರಕ್ಕೆ ಸಾವಿರಾರು ಪೌಂಡ್ ಸುರಿದು ಟಿಕೆಟ್ ಕೊಳ್ಳುವ ನಮಗೆ ಯಾಕಿಲ್ಲ? ಈ ಲೇಖನ ಅದರ ಬಗ್ಗೆ. ಮೊದಲೇ ಹೇಳಿಬಿಡುತ್ತೇನೆ, ನಾನು ವಿಮಾನಯಾನದ ಪರಿಣತನಲ್ಲ. ಸಾಫ್ಟ್‌ವೇರಿನಲ್ಲಿ ಹೊಟ್ಟೆ ಹೊರೆಯುವ, ಎರಡು ವರ್ಷಕ್ಕೊಮ್ಮೆ ಊರಿಗೆ ಹೋಗಿಬರುವ ಒಬ್ಬ ಸಾಮಾನ್ಯ ಪ್ರಯಾಣಿಕ.

2014ರ ಆ ಗುರುವಾರ

2014ರ ಜುಲೈ ಎರಡನೇ ವಾರದಲ್ಲಿ ಅಮ್ಮ ಮೊದಲ ಬಾರಿಗೆ ಒಬ್ಬರೇ ಇಲ್ಲಿಗೆ ಬಂದರು. ಬೆಂಗಳೂರಿನಿಂದ ದೆಹಲಿ, ದೆಹಲಿಯಿಂದ ನೇರ ನಮ್ಮ ಬರ್ಮಿಂಗ್‌ಹ್ಯಾಮ್. ಆ ನೇರ ವಿಮಾನ ಶುರುವಾಗಿ ಒಂದು ವರ್ಷವೂ ಆಗಿರಲಿಲ್ಲ. ಈ ಭಾಗದ ಕನ್ನಡಿಗರಿಗೆಲ್ಲ ಅದು ದೊಡ್ಡ ಅನುಕೂಲ. ಬೇರೆ ದೇಶದಲ್ಲಿ ಇಳಿದು ಹತ್ತುವ ಗೋಜಿಲ್ಲ, ಇಂಗ್ಲಿಷ್ ಬಾರದ ಹಿರಿಯರನ್ನು ಧೈರ್ಯವಾಗಿ ಕಳಿಸಬಹುದು ಎಂದು ಎಷ್ಟೋ ಮನೆಗಳಲ್ಲಿ ಅಪ್ಪ ಅಮ್ಮಂದಿರನ್ನು ಕರೆಸಿಕೊಂಡಿದ್ದರು.

ಅಮ್ಮ ಬಂದು ಒಂದು ವಾರ ಕಳೆದಿರಬೇಕು. ಜುಲೈ 17, ಗುರುವಾರ. ಸಂಜೆ ಆಫೀಸಿನಿಂದ ಬಂದು ಟೀವಿ ಹಾಕಿದರೆ ಸೂರ್ಯಕಾಂತಿ ಹೊಲದಲ್ಲಿ ಚದುರಿ ಬಿದ್ದಿದ್ದ ವಿಮಾನದ ಚೂರುಗಳು. ಆಮ್ಸ್ಟರ್‌ಡ್ಯಾಮಿನಿಂದ ಕ್ವಾಲಾಲಂಪುರಕ್ಕೆ ಹೊರಟಿದ್ದ ಮಲೇಷ್ಯಾ ಏರ್‌ಲೈನ್ಸಿನ ಎಂಎಚ್ 17, ಪೂರ್ವ ಉಕ್ರೇನಿನ ಮೇಲೆ ಹಾರುತ್ತಿದ್ದಾಗ ನೆಲದಿಂದ ಬಂದ ಬುಕ್ ಕ್ಷಿಪಣಿಗೆ ಸಿಕ್ಕಿ ನುಚ್ಚುನೂರಾಗಿತ್ತು. 298 ಜನ, ಒಬ್ಬರೂ ಉಳಿಯಲಿಲ್ಲ. ರಜೆಗೆ ಹೊರಟಿದ್ದ ಡಚ್ ಕುಟುಂಬಗಳೇ ಹೆಚ್ಚು. ಅವರ ಪೈಕಿ ಯಾರಿಗೂ ಉಕ್ರೇನಿನ ಜಗಳಕ್ಕೂ ತಮಗೂ ಸಂಬಂಧವಿದೆ ಎಂಬ ಕಲ್ಪನೆಯೂ ಇದ್ದಿರಲಾರದು.

ಆಮೇಲೆ ಡಚ್ ಸುರಕ್ಷತಾ ಮಂಡಳಿ ತನಿಖೆ ನಡೆಸಿ 2015ರ ಅಕ್ಟೋಬರಿನಲ್ಲಿ ವರದಿ ಕೊಟ್ಟಿತು. ಅದನ್ನು ಓದಿದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ದುರಂತಕ್ಕೆ ಮೂರು ದಿನ ಮೊದಲು, ಜುಲೈ 14ರಂದು, ಅದೇ ಪ್ರದೇಶದಲ್ಲಿ ಒಂದು ಮಿಲಿಟರಿ ಸಾಗಣೆ ವಿಮಾನವನ್ನು ಹೊಡೆದು ಉರುಳಿಸಲಾಗಿತ್ತು. ಅದು 6000 ಮೀಟರಿಗೂ ಮೇಲೆ ಹಾರುತ್ತಿತ್ತು ಎಂದು ಉಕ್ರೇನಿನ ಅಧಿಕಾರಿಗಳೇ ಹೇಳಿದ್ದರು. ಹೆಗಲ ಮೇಲಿಟ್ಟು ಹಾರಿಸುವ ಸಣ್ಣ ಕ್ಷಿಪಣಿ ಅಷ್ಟೆತ್ತರ ಹೋಗುವುದಿಲ್ಲ. ಅಂದರೆ ಇನ್ನೂ ದೊಡ್ಡದೇನೋ ಅಲ್ಲಿಗೆ ಬಂದಿದೆ ಎಂದರ್ಥ. ಆಗ ಉಕ್ರೇನ್ ಮಾಡಿದ್ದೇನು? 32,000 ಅಡಿಯವರೆಗೆ ಆಕಾಶ ಮುಚ್ಚಿತು, ಅದರ ಮೇಲೆ ತೆರೆದಿಟ್ಟಿತು. ಎಂಎಚ್ 17 ಹಾರುತ್ತಿದ್ದದ್ದು 33,000 ಅಡಿಯಲ್ಲಿ. ನಿಯಮದ ಪ್ರಕಾರ ಎಲ್ಲವೂ ಸರಿಯಾಗಿತ್ತು! ಆ ಒಂದೇ ದಿನ, ಆಕಾಶ ಪೂರ್ತಿ ಮುಚ್ಚುವ ಮುನ್ನ, 160 ಪ್ರಯಾಣಿಕ ವಿಮಾನಗಳು ಆ ಪ್ರದೇಶದ ಮೇಲೆ ಹಾದುಹೋಗಿದ್ದವು.

ಕ್ಷಿಪಣಿ ತಗುಲಿದ ಹೊತ್ತಿಗೆ ಅದೇ ವಲಯದಲ್ಲಿ ಇನ್ನೂ ಮೂರು ಪ್ರಯಾಣಿಕ ವಿಮಾನಗಳಿದ್ದವು. ಅವುಗಳಲ್ಲೊಂದು ದೆಹಲಿಯಿಂದ ಬರ್ಮಿಂಗ್‌ಹ್ಯಾಮಿಗೆ ಬರುತ್ತಿದ್ದ ಏರ್ ಇಂಡಿಯಾ ವಿಮಾನ.

ಇದನ್ನು ಮೊದಲ ಸಲ ಓದಿದಾಗ ಎದ್ದುಹೋಗಿ ಅಮ್ಮನ ಪಕ್ಕ ಸುಮ್ಮನೆ ಕೂತಿದ್ದೆ. ಅಮ್ಮ ಬಂದಿದ್ದು ಅದೇ ಮಾರ್ಗದಲ್ಲಿ, ಒಂದು ವಾರ ಮುಂಚೆ. ಅಂದು ಅಮ್ಮನ ವಿಮಾನ ಡೊನೆಟ್ಸ್ಕಿನ ಮೇಲೆ ಬಂತೋ, ದೂರದಿಂದ ಸುತ್ತಿ ಬಂತೋ ಇಂದಿಗೂ ನನಗೆ ತಿಳಿಯದು. ಟಿಕೆಟ್ಟಿನಲ್ಲಿ ಅದು ಇರಲಿಲ್ಲ, ಬೋರ್ಡಿಂಗ್ ಪಾಸಿನಲ್ಲೂ ಇರಲಿಲ್ಲ. ಕೇಳಬೇಕೆಂದು ನನಗೂ ಹೊಳೆದಿರಲಿಲ್ಲ.

ಆಕಾಶಕ್ಕೆ ಗೇಟು ಹಾಕುವವರು ಯಾರು?

ಶಿರಾಡಿ ಘಾಟಿಯನ್ನು ಮುಚ್ಚುವ ಜಿಲ್ಲಾಧಿಕಾರಿಗೆ ಗುಡ್ಡದ ಜೊತೆ ಜಗಳವಿಲ್ಲ. ಲಾರಿಯವರು ಗೊಣಗಿದರೂ, ಹೋಟೆಲಿನವರಿಗೆ ವ್ಯಾಪಾರ ಕೆಟ್ಟರೂ ಅವರು ರಸ್ತೆ ಮುಚ್ಚುತ್ತಾರೆ. ಆಕಾಶದ ಕಥೆ ಬೇರೆ. 1944ರ ಷಿಕಾಗೋ ಒಪ್ಪಂದದ ಪ್ರಕಾರ ಪ್ರತಿ ದೇಶಕ್ಕೂ ತನ್ನ ನೆಲದ ಮೇಲಿನ ಆಕಾಶದ ಮೇಲೆ ಪೂರ್ತಿ ಅಧಿಕಾರ. ಮುಚ್ಚಬೇಕೋ ಬೇಡವೋ ಎಂದು ನಿರ್ಧರಿಸುವುದೂ ಆ ದೇಶವೇ. ಮಾಂಟ್ರಿಯಲ್‌ನಲ್ಲಿರುವ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ (ನಾವೆಲ್ಲ ಐಕಾವೋ ಅನ್ನುತ್ತೇವೆ) ಸಲಹೆ ಕೊಡಬಹುದು, ಕೈಪಿಡಿ ಬರೆಯಬಹುದು. ಯಾವ ದೇಶದ ಆಕಾಶಕ್ಕೂ ಬೀಗ ಹಾಕುವ ಅಧಿಕಾರ ಅದಕ್ಕಿಲ್ಲ.

ಹಾಗಾಗಿ ಯುದ್ಧ ಮಾಡುತ್ತಿರುವವನ ಕೈಯಲ್ಲೇ ಗೇಟಿನ ಬೀಗದಕೈ ಇದೆ. ಅವನು ಬೇಗ ಮುಚ್ಚುತ್ತಾನೆಯೇ? ಮುಚ್ಚಿದರೆ "ನಮ್ಮ ಮನೆಯ ಮೇಲೆ ನಮಗೇ ಹಿಡಿತವಿಲ್ಲ" ಎಂದು ಜಗತ್ತಿನೆದುರು ಒಪ್ಪಿಕೊಂಡಂತೆ. ಮೇಲೆ ಹಾರುವ ಪ್ರತಿ ವಿಮಾನವೂ ಕೊಡುವ ಶುಲ್ಕ ನಿಂತುಹೋಗುತ್ತದೆ. ಯುದ್ಧದ ತಯಾರಿ ನಡೆಸುತ್ತಿದ್ದರೆ ಮುಚ್ಚುವುದೇ ಶತ್ರುವಿಗೆ ಸುಳಿವು ಕೊಟ್ಟಂತೆ. ಇಷ್ಟೆಲ್ಲ ಲೆಕ್ಕ ಹಾಕಿ ಮುಚ್ಚುವ ಹೊತ್ತಿಗೆ ಕೋಟೆ ಕೊಳ್ಳೆ ಹೋಗಿರುತ್ತದೆ, ಆಮೇಲೆ ದಿಡ್ಡಿ ಬಾಗಿಲು ಹಾಕುತ್ತಾರೆ. ಉಕ್ರೇನ್ ತನ್ನ ಪೂರ್ವಭಾಗದ ಆಕಾಶವನ್ನು ಪೂರ್ತಿ ಮುಚ್ಚಲು ಸಾಕಷ್ಟು ಕಾರಣ ಇತ್ತು ಎಂದು ಡಚ್ ವರದಿ ಸ್ಪಷ್ಟವಾಗಿಯೇ ಹೇಳಿದೆ. ಕ್ಷಿಪಣಿ ಹೊಡೆದ ಅಪರಾಧ ಬೇರೆ. ಅದಕ್ಕೆ 2022ರ ನವೆಂಬರಿನಲ್ಲಿ ಡಚ್ ನ್ಯಾಯಾಲಯ ಮೂವರಿಗೆ, ಅವರು ಗೈರುಹಾಜರಿದ್ದರೂ, ಜೀವಾವಧಿ ಶಿಕ್ಷೆ ವಿಧಿಸಿತು. ಹೊಡೆದವನ ತಪ್ಪು ಹೊಡೆದವನದೇ. ಆದರೆ ಆ ದಾರಿಯಲ್ಲಿ ಬಸ್ಸು ಬಿಟ್ಟವರನ್ನೂ ಕೇಳಬೇಕಲ್ಲವೇ?

ಇನ್ನೊಂದು ಉದಾಹರಣೆ. 2020ರ ಜನವರಿ 8ರ ನಸುಕು. ಇರಾನ್ ಇರಾಕಿನಲ್ಲಿದ್ದ ಅಮೆರಿಕದ ಸೇನಾ ನೆಲೆಗಳ ಮೇಲೆ ಕ್ಷಿಪಣಿಗಳನ್ನು ಬಿಟ್ಟಿತು. ತಿರುಗೇಟು ಬರಬಹುದೆಂದು ವಾಯುರಕ್ಷಣಾ ದಳಗಳನ್ನು ಸಜ್ಜುಗೊಳಿಸಿತು. ಆದರೆ ತೆಹ್ರಾನಿನ ವಿಮಾನ ನಿಲ್ದಾಣವನ್ನು ಮುಚ್ಚಲಿಲ್ಲ! ಸುಮಾರು ನಾಲ್ಕು ಗಂಟೆಯ ನಂತರ ಅಲ್ಲಿಂದ ಕೀವ್‌ಗೆ ಹೊರಟ ಉಕ್ರೇನ್ ಇಂಟರ್‌ನ್ಯಾಷನಲ್ ಏರ್‌ಲೈನ್ಸಿನ ವಿಮಾನ ಮೇಲೇರಿ ಕೆಲವೇ ನಿಮಿಷಗಳಲ್ಲಿ ಇರಾನಿನದೇ ಎರಡು ಕ್ಷಿಪಣಿಗಳಿಗೆ ಬಲಿಯಾಯಿತು. 176 ಜನ ಸತ್ತರು. ಅವರಲ್ಲಿ 138 ಜನ ಕೀವ್ ಮೂಲಕ ಕೆನಡಾಕ್ಕೆ ಹೊರಟವರು. ರಜೆಗೆ ಊರಿಗೆ ಬಂದು ಅಪ್ಪ ಅಮ್ಮನನ್ನು ನೋಡಿಕೊಂಡು ಕೆಲಸಕ್ಕೆ, ಕಾಲೇಜಿಗೆ ವಾಪಸ್ ಹೊರಟಿದ್ದವರು. ಥೇಟ್ ನಮ್ಮ ಹಾಗೆ. ಅವರ ಸೂಟ್‌ಕೇಸಿನಲ್ಲೂ ನಮ್ಮ ಚಟ್ನಿಪುಡಿ, ಉಪ್ಪಿನಕಾಯಿಯ ಹಾಗೆ ಮನೆಯವರು ಕಟ್ಟಿಕೊಟ್ಟ ತಿಂಡಿ ಇದ್ದಿರಬೇಕು.

ಇದರಲ್ಲಿ ನನ್ನನ್ನು ಅತಿಯಾಗಿ ಕಾಡುವ ಸಂಗತಿ ಒಂದಿದೆ. ಆ ವಿಮಾನ ಹೊರಡುವ ಕೆಲವು ಗಂಟೆ ಮೊದಲೇ ಅಮೆರಿಕದ ವಿಮಾನಯಾನ ಇಲಾಖೆ ತನ್ನ ದೇಶದ ಕಂಪನಿಗಳಿಗೆ ಇರಾನ್, ಇರಾಕ್ ಮತ್ತು ಕೊಲ್ಲಿಯ ಆಕಾಶಕ್ಕೆ ಹೋಗಕೂಡದು ಎಂದು ಆದೇಶ ಹೊರಡಿಸಿತ್ತು. ಅಪಾಯ ಇದೆ ಎಂಬ ಮಾತು ವಾಷಿಂಗ್ಟನ್ನಿನಲ್ಲಿ ಕಾಗದದ ಮೇಲಿತ್ತು. ತೆಹ್ರಾನಿನ ಗೇಟಿನಲ್ಲಿ ಮಗುವನ್ನು ಎತ್ತಿಕೊಂಡು ಸಾಲಿನಲ್ಲಿ ನಿಂತಿದ್ದ ತಾಯಿಗೆ ಅದನ್ನು ಹೇಳುವವರು ಯಾರೂ ಇರಲಿಲ್ಲ.

ಎರಡು ಕೋಣ ಕಾದಾಡಿದರೆ...

ಎರಡು ಕೋಣ ಕಾದಾಡಿದರೆ ನಡುವಿನ ಗಿಡಕ್ಕೆ ಸಾವು ಅಂತ ನಮ್ಮ ಕಡೆ ಗಾದೆ. ಇಂಥ ಘಟನೆಗಳು ಹೊಸವೇನಲ್ಲ. 1983ರಲ್ಲಿ ದಾರಿ ತಪ್ಪಿ ಸೋವಿಯತ್ ಆಕಾಶಕ್ಕೆ ಹೋದ ಕೊರಿಯನ್ ವಿಮಾನವನ್ನು ಹೊಡೆದಾಗ 269 ಜನ ಸತ್ತರು. ಅದರ ಮರುವರ್ಷ ಷಿಕಾಗೋ ಒಪ್ಪಂದಕ್ಕೆ ಒಂದು ಹೊಸ ಕಲಮು ಸೇರಿಸಿ, ಹಾರುತ್ತಿರುವ ನಾಗರಿಕ ವಿಮಾನದ ಮೇಲೆ ಯಾವ ದೇಶವೂ ಆಯುಧ ಪ್ರಯೋಗಿಸಕೂಡದು ಎಂದು ಬರೆದರು. ನಾಲ್ಕೇ ವರ್ಷಕ್ಕೆ, 1988ರ ಜುಲೈ 3ರಂದು, ಬಂದರ್ ಅಬ್ಬಾಸಿನಿಂದ ದುಬೈಗೆ ಹೊರಟಿದ್ದ ಇರಾನ್ ಏರ್ ವಿಮಾನವನ್ನು ಅಮೆರಿಕದ ವಿನ್ಸೆನ್ಸ್ ಯುದ್ಧನೌಕೆ ಯುದ್ಧವಿಮಾನ ಎಂದುಕೊಂಡು ಹೊಡೆಯಿತು. 290 ಜನ, ಅವರಲ್ಲಿ 66 ಮಕ್ಕಳು. ಹತ್ತು ಜನ ಭಾರತೀಯರೂ ಇದ್ದರು. 1996ರಲ್ಲಿ ಅಮೆರಿಕ 6 ಕೋಟಿ 18 ಲಕ್ಷ ಡಾಲರ್ ಪರಿಹಾರಕ್ಕೆ ಒಪ್ಪಿತು.

2024ರ ಕ್ರಿಸ್‌ಮಸ್ ದಿನ ಬಾಕುವಿನಿಂದ ಗ್ರೋಜ್ನಿಗೆ ಹೊರಟಿದ್ದ ಅಜರ್‌ಬೈಜಾನ್ ಏರ್‌ಲೈನ್ಸ್ ವಿಮಾನದ ಕಥೆಯೂ ಇದೇ. ಗ್ರೋಜ್ನಿಯ ಮೇಲೆ ಡ್ರೋನ್ ದಾಳಿಯ ಹೊತ್ತಿನಲ್ಲಿ ರಷ್ಯಾದ ವಾಯುರಕ್ಷಣಾ ಕ್ಷಿಪಣಿಗಳು ಪಕ್ಕದಲ್ಲೇ ಸಿಡಿದು, ಜರ್ಜರಿತವಾದ ವಿಮಾನ ಕ್ಯಾಸ್ಪಿಯನ್ ಸಮುದ್ರ ದಾಟಿ ಕಜಕಸ್ತಾನದ ಅಕ್ಟಾವ್ ಬಳಿ ಬಿತ್ತು. 67 ಜನರಲ್ಲಿ 38 ಜನ ಸತ್ತರು. ರಷ್ಯಾದ ಅಧ್ಯಕ್ಷರು ಇದು ತಮ್ಮ ಕ್ಷಿಪಣಿಗಳಿಂದಲೇ ಆದದ್ದು ಎಂದು ಒಪ್ಪಿಕೊಂಡಿದ್ದು 2025ರ ಅಕ್ಟೋಬರಿನಲ್ಲಿ.

ಇರಾನ್ ಏರ್ ವಿಮಾನವಿರಲಿ, ತೆಹ್ರಾನಿನ ವಿಮಾನವಿರಲಿ, ಹೊಡೆದವರು "ಪ್ರಯಾಣಿಕ ವಿಮಾನ ಎಂದು ಗೊತ್ತಾಗಲಿಲ್ಲ" ಎಂದೇ ಹೇಳಿದ್ದಾರೆ. ಸುಳ್ಳೆಂದು ತಳ್ಳಿಹಾಕಬೇಕಿಲ್ಲ. ರಾಡಾರ್ ಪರದೆಯ ಮೇಲೆ ಒಂದು ಚುಕ್ಕೆ, ನಿದ್ದೆಗೆಟ್ಟ ಸೈನಿಕ, ಮೇಲಿನವರ ಸಂಪರ್ಕ ಕಡಿದಿದೆ, ನಿರ್ಧಾರಕ್ಕೆ ಇರುವುದು ಕೆಲವೇ ಸೆಕೆಂಡು. ತೆಹ್ರಾನಿನ ಪ್ರಕರಣದಲ್ಲಂತೂ ಕ್ಷಿಪಣಿ ವಾಹನವನ್ನು ಜಾಗ ಬದಲಿಸಿ ನಿಲ್ಲಿಸಿದ ಮೇಲೆ ಅದರ ದಿಕ್ಕನ್ನು ಸರಿಯಾಗಿ ಹೊಂದಿಸಿರಲಿಲ್ಲ ಎಂದು ಇರಾನಿನ ವರದಿ ಹೇಳಿತು. ಮನುಷ್ಯ ಮಾಡುವ ಇಂಥ ತಪ್ಪುಗಳನ್ನು ಕಾನೂನು ಬರೆದು ನಿಲ್ಲಿಸಲಾಗದು. ಕ್ಷಿಪಣಿ ಸಜ್ಜಾಗಿರುವ ಕಡೆ ಪ್ರಯಾಣಿಕ ವಿಮಾನವೇ ಇರದಂತೆ ನೋಡಿಕೊಳ್ಳಬಹುದು, ಅಷ್ಟೇ.

ಗೊತ್ತಿದ್ದವರು ಹೇಳದಿದ್ದರೆ

ನಮ್ಮ ಸಂಘದ ಹಿರಿಯರಿಗೆ 1990ರ ಆಗಸ್ಟ್ ನೆನಪಿರಬಹುದು. ಆ ತಿಂಗಳ ಮೊದಲ ತಾರೀಖು ಸಂಜೆ ಲಂಡನ್ನಿನಿಂದ ಬ್ರಿಟಿಷ್ ಏರ್‌ವೇಸಿನ 149ನೇ ನಂಬರಿನ ವಿಮಾನ ಹೊರಟಿತು. ಕುವೈತಿನಲ್ಲಿ ನಿಂತು, ಅಲ್ಲಿಂದ ಮದ್ರಾಸು, ಆಮೇಲೆ ಕ್ವಾಲಾಲಂಪುರ. ಬೆಂಗಳೂರಿಗೆ ಇಲ್ಲಿಂದ ನೇರ ವಿಮಾನವಿರದ ಆ ಕಾಲದಲ್ಲಿ ದಕ್ಷಿಣದವರಿಗೆ ಮದ್ರಾಸೇ ಹತ್ತಿರದ ಬಾಗಿಲು. ವಿಮಾನ ಕುವೈತಿನಲ್ಲಿ ಇಳಿದದ್ದು 2ನೇ ತಾರೀಖಿನ ನಸುಕಿನಲ್ಲಿ, ಸದ್ದಾಂ ಹುಸೇನನ ಸೈನ್ಯ ಗಡಿ ದಾಟಿ ಬರುತ್ತಿದ್ದ ಹೊತ್ತಿನಲ್ಲೇ. ಪ್ರಯಾಣಿಕರೂ ಸಿಬ್ಬಂದಿಯೂ ಇರಾಕಿನ ಕೈಗೆ ಸಿಕ್ಕಿಬಿದ್ದರು. ಎಷ್ಟೋ ಜನರನ್ನು ತಿಂಗಳುಗಟ್ಟಲೆ ಕೂಡಿಹಾಕಿ, ಬಾಂಬ್ ಬೀಳಬಹುದಾದ ಜಾಗಗಳಲ್ಲಿ ಮಾನವ ಗುರಾಣಿಗಳನ್ನಾಗಿ ಇಟ್ಟರು.

ಮೂವತ್ತೊಂದು ವರ್ಷ ಬಿಟ್ಟು, 2021ರ ನವೆಂಬರಿನಲ್ಲಿ, ಬ್ರಿಟಿಷ್ ಸರ್ಕಾರ ಸಂಸತ್ತಿನಲ್ಲಿ ಒಪ್ಪಿಕೊಂಡಿತು. ವಿಮಾನ ಇನ್ನೂ ಆಕಾಶದಲ್ಲಿರುವಾಗಲೇ ಕುವೈತಿನಲ್ಲಿದ್ದ ಬ್ರಿಟಿಷ್ ರಾಯಭಾರಿ, ಇರಾಕಿ ಸೈನ್ಯ ಗಡಿ ದಾಟಿದ ಸುದ್ದಿಯನ್ನು ಲಂಡನ್ನಿಗೆ ತಿಳಿಸಿದ್ದರಂತೆ. ಆ ಸುದ್ದಿ ವಿಮಾನ ಕಂಪನಿಗೆ ಹೋಗಲೇ ಇಲ್ಲ. ಒಂದು ಫೋನ್ ಕರೆ ಆಗಿದ್ದರೆ ವಿಮಾನ ಬೇರೆ ಕಡೆ ಇಳಿಯುತ್ತಿತ್ತು.

ಕುವೈತ್, ಉಕ್ರೇನ್, ತೆಹ್ರಾನ್... ಮೂರರಲ್ಲೂ ಮಾಹಿತಿ ಎಲ್ಲೋ ಒಂದು ಕಡೆ ಇತ್ತು. ಸೀಟಿನಲ್ಲಿ ಕೂತವರಿಗೆ ತಲುಪಲಿಲ್ಲ. ನನ್ನ ತಕರಾರು ಇಷ್ಟೇ.

ಹಾಗಂತ ಮನೆಯಲ್ಲೇ ಕೂರಬೇಕೇ?

ಇದನ್ನೆಲ್ಲ ಮನೆಯಲ್ಲಿ ಓದಿ ಹೇಳಿದಾಗ ನನ್ನಾಕೆ ಒಪ್ಪಲಿಲ್ಲ. "ಎಂ42ರಲ್ಲಿ ದಿನಾ ಕಾರು ಓಡಿಸ್ತೀರಲ್ಲ, ಅದಕ್ಕಿಂತ ಅಪಾಯವೇ ಇದು? ಅತ್ತೆಗೆ ಎಪ್ಪತ್ತೆಂಟಾಯ್ತು. ಹೀಗೇ ಹೆದರ್ತಾ ಕೂತ್ರೆ ಮಕ್ಕಳು ಅಜ್ಜೀನ ನೋಡೋದು ಯಾವಾಗ?" ಎಂದಳು. ಮಾತು ಸರಿ. ವಿಮಾನ ಪ್ರಯಾಣ ಕಾರಿಗಿಂತ ಎಷ್ಟೋ ಸುರಕ್ಷಿತ. ದಿನಾ ಸಾವಿರಾರು ವಿಮಾನಗಳು ಕ್ಷೇಮವಾಗಿ ಹೋಗಿಬರುತ್ತವೆ. ಹೆದರಿ ಪ್ರಯಾಣ ಬಿಡಿ ಎಂದು ನಾನು ಹೇಳುತ್ತಿಲ್ಲ.

ಸುತ್ತಿ ಹೋಗುವುದಕ್ಕೂ ಬೆಲೆ ಇದೆ ಎಂಬುದೂ ಗೊತ್ತು. 2019ರಲ್ಲಿ ಬಾಲಾಕೋಟ್ ದಾಳಿಯ ನಂತರ ಪಾಕಿಸ್ತಾನ ಫೆಬ್ರವರಿ ಕೊನೆಯಿಂದ ಜುಲೈ 16ರವರೆಗೆ ತನ್ನ ಆಕಾಶ ಮುಚ್ಚಿದಾಗ, ಜುಲೈ 2ರ ಹೊತ್ತಿಗೆ ಏರ್ ಇಂಡಿಯಾ ಒಂದಕ್ಕೇ 491 ಕೋಟಿ ರೂಪಾಯಿ ನಷ್ಟವಾಗಿತ್ತೆಂದು ಮಂತ್ರಿಗಳು ರಾಜ್ಯಸಭೆಗೆ ತಿಳಿಸಿದರು. 2025ರ ಏಪ್ರಿಲಿನಲ್ಲಿ ಪಹಲ್ಗಾಮ್ ದಾಳಿಯ ನಂತರ ಮತ್ತೆ ಎರಡೂ ದೇಶಗಳು ಒಬ್ಬರ ವಿಮಾನಕ್ಕೆ ಇನ್ನೊಬ್ಬರು ಬಾಗಿಲು ಹಾಕಿದವು. ಪಾಕಿಸ್ತಾನ ಬೇಡ, ಇರಾನ್ ಬೇಡ, ಉಕ್ರೇನ್ ಬೇಡ ಎನ್ನುತ್ತಾ ಹೋದರೆ ಉಳಿದ ಕಿರಿದಾದ ದಾರಿಯಲ್ಲೇ ಎಲ್ಲರೂ ನುಗ್ಗಬೇಕು.

ಕೊಲ್ಲಿಯ ಮೇಲೆ ಹೋಗುವವರಿಗೆ 2025ರ ಜೂನ್ 23ರ ರಾತ್ರಿ ಮರೆಯುವಂಥದ್ದಲ್ಲ. ಕತಾರಿನಲ್ಲಿದ್ದ ಅಮೆರಿಕದ ನೆಲೆಯ ಮೇಲೆ ಇರಾನ್ ಕ್ಷಿಪಣಿ ಬಿಟ್ಟಿತು. ಆದರೆ ಕತಾರ್ ಅದಕ್ಕೆ ಸ್ವಲ್ಪ ಮೊದಲೇ ತನ್ನ ಆಕಾಶ ಮುಚ್ಚಿತ್ತು. ವಿಮಾನಗಳು ಅರ್ಧ ದಾರಿಯಿಂದ ತಿರುಗಿದವು, ಎಲ್ಲೆಲ್ಲೋ ಇಳಿದವು, ಜನ ದೋಹಾದ ನೆಲದ ಮೇಲೆ ಮಲಗಿದರು. ಎಲ್ಲರೂ ಬೈದರು. ನಾನು ಮಾತ್ರ ಶಹಬ್ಬಾಸ್ ಅಂತೇನೆ. ಪ್ರಯಾಣಿಕ ವಿಮಾನ ಒಂದಕ್ಕೂ ಏನೂ ಆಗಲಿಲ್ಲ. ನೆಲದ ಮೇಲೆ ಒಂದು ರಾತ್ರಿ ಮಲಗಿದ ಬೆನ್ನುನೋವು ನಾಲ್ಕು ದಿನಕ್ಕೆ ಹೋಗುತ್ತದೆ.

ಕ್ಷಿಪಣಿಯಲ್ಲದ ಇನ್ನೊಂದು ಕಾಟವೂ ಶುರುವಾಗಿದೆ. ಯುದ್ಧದ ಪಕ್ಕದ ಪ್ರದೇಶಗಳಲ್ಲಿ ಡ್ರೋನುಗಳ ದಾರಿ ತಪ್ಪಿಸಲು ಸೈನ್ಯದವರು ಸುಳ್ಳು ಜಿಪಿಎಸ್ ಸಂಕೇತ ಹರಡುತ್ತಾರೆ. ಮೇಲೆ ಹೋಗುವ ಪ್ರಯಾಣಿಕ ವಿಮಾನಕ್ಕೂ ತಾನು ಎಲ್ಲಿದ್ದೇನೆಂಬ ಲೆಕ್ಕ ತಪ್ಪುತ್ತದೆ. 2023ರಲ್ಲಿ ಇರಾಕ್, ಇರಾನ್ ಗಡಿಯ ಬಳಿ ಇದು ಜೋರಾಗಿತ್ತು. ನಮ್ಮಲ್ಲೇ ಅಮೃತಸರ, ಜಮ್ಮು ಗಡಿಭಾಗದಲ್ಲಿ 2023ರ ನವೆಂಬರಿನಿಂದ 2025ರ ಫೆಬ್ರವರಿವರೆಗೆ ಇಂಥ 465 ಪ್ರಕರಣ ವರದಿಯಾಗಿವೆ ಎಂದು ಭಾರತ ಸರ್ಕಾರ ಸಂಸತ್ತಿಗೆ ಹೇಳಿದೆ. ಪೈಲಟ್‌ಗಳಿಗೆ ಇದನ್ನು ನಿಭಾಯಿಸುವ ತರಬೇತಿ ಇದೆ, ಗಾಬರಿ ಬೇಡ. ಆದರೆ ಎಲ್ಲಾದರೂ ಎಲ್ಲವೂ ಒಂದೇ ಎಂದು ಭಾವಿಸುವ ಕಾಲ ಹೋಯಿತು.

ನಾವು ಕೇಳಬೇಕಾದದ್ದು

ವಿಮಾನ ಕಂಪನಿಗಳು ಕೋಟ್ಯಂತರ ಖರ್ಚು ಮಾಡಿ ಅಪಾಯ ಅಳೆಯುವವರನ್ನು ಇಟ್ಟುಕೊಂಡಿವೆ. ಅವರ ಲೆಕ್ಕಾಚಾರದಲ್ಲಿ ಒಂದು ಸಾಲನ್ನಾದರೂ ನಮಗೆ ತೋರಿಸಲಿ ಎನ್ನುವುದು ಅತಿಯಾಸೆಯೇ? ಇದೇನು ನನ್ನ ತಲೆಯಿಂದ ಬಂದ ಹೊಸ ಐಡಿಯಾ ಅಲ್ಲ. ಯುದ್ಧಪ್ರದೇಶಗಳ ಮೇಲಿನ ಮಾರ್ಗಗಳ ಬಗ್ಗೆ ಪ್ರಯಾಣಿಕರಿಗೆ ಸ್ಪಷ್ಟ ಮಾಹಿತಿ ಪ್ರಕಟಿಸಬೇಕು, ಆಯ್ದುಕೊಂಡ ಮಾರ್ಗಗಳಿಗೆ ಕಂಪನಿಗಳು ವರ್ಷಕ್ಕೊಮ್ಮೆಯಾದರೂ ಸಾರ್ವಜನಿಕವಾಗಿ ಲೆಕ್ಕ ಕೊಡಬೇಕು ಎಂದು ಡಚ್ ಸುರಕ್ಷತಾ ಮಂಡಳಿ 2015ರಲ್ಲೇ ಶಿಫಾರಸು ಮಾಡಿದೆ. ನಾನು ಇಷ್ಟು ವರ್ಷದಲ್ಲಿ ಕೊಂಡ ಒಂದು ಟಿಕೆಟ್ಟಿನಲ್ಲೂ ಅಂಥದ್ದು ಕಂಡಿಲ್ಲ.

ನನ್ನ ಬೇಡಿಕೆ ಎರಡೇ. ಒಂದು, ಟಿಕೆಟ್ ಕೊಳ್ಳುವಾಗಲೇ "ಈ ವಿಮಾನ ಸಾಮಾನ್ಯವಾಗಿ ಇಂತಿಂಥ ದೇಶಗಳ ಮೇಲೆ ಹಾರುತ್ತದೆ" ಎಂದು ಬರೆದಿರಲಿ, ಬದಲಾದರೆ ಬ್ಯಾಗೇಜಿನ ಬಗ್ಗೆ ಇಮೇಲ್ ಕಳಿಸುವ ಹಾಗೆ ಅದಕ್ಕೂ ಒಂದು ಕಳಿಸಲಿ. ಎರಡು, ಆ ಮಾರ್ಗದ ಬಗ್ಗೆ ಯಾವುದಾದರೂ ಸರ್ಕಾರಿ ಸುರಕ್ಷತಾ ಸಂಸ್ಥೆ ಎಚ್ಚರಿಕೆ ಹೊರಡಿಸಿದ್ದರೆ ದಂಡವಿಲ್ಲದೆ ಟಿಕೆಟ್ ವಾಪಸ್ ಮಾಡುವ ಅವಕಾಶ ಇರಲಿ. ಈಗಿನ ನಿಯಮ ಹೇಗಿದೆ ನೋಡಿ. ಯುಕೆಯಿಂದ ಹೊರಡುವ ವಿಮಾನವನ್ನು ಕಂಪನಿಯೇ ರದ್ದು ಮಾಡಿದರೆ ಹಣ ವಾಪಸ್ ಅಥವಾ ಬೇರೆ ವಿಮಾನ, ಕಾಯುವಾಗ ಊಟ ವಸತಿ ಎಲ್ಲ ನಮ್ಮ ಹಕ್ಕು. ಅದೇ ನಾವು ಭಯಪಟ್ಟು ಹಿಂದೆ ಸರಿದರೆ ದುಡ್ಡು ಗೋವಿಂದ! ಚಾರ್ಮಾಡಿ ಬೇಡವೆಂದು ಇಳಿಯುವ ಸ್ವಾತಂತ್ರ್ಯ ಇಲ್ಲಿಲ್ಲ.

ಅವರು ಕೊಡುವವರೆಗೆ ನಾವೇ ಮಾಡಿಕೊಳ್ಳಬಹುದಾದ ಕೆಲವು ಕೆಲಸಗಳಿವೆ. ಫ್ಲೈಟ್‌ರೇಡಾರ್24 ತರಹದ ತಾಣದಲ್ಲಿ ನಿಮ್ಮ ವಿಮಾನದ ನಂಬರ್ ಹಾಕಿದರೆ ಹಿಂದಿನ ದಿನಗಳಲ್ಲಿ ಅದು ಯಾವ ದಾರಿಯಲ್ಲಿ ಹೋಗಿತ್ತೆಂದು ಕಾಣುತ್ತದೆ. ಯುರೋಪಿನ ವಿಮಾನ ಸುರಕ್ಷತಾ ಸಂಸ್ಥೆಯ ಯುದ್ಧಪ್ರದೇಶಗಳ ಎಚ್ಚರಿಕೆ ಪಟ್ಟಿಯನ್ನು ಯಾರು ಬೇಕಾದರೂ ಓದಬಹುದು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಲು ಅರ್ಧ ಗಂಟೆ ಸಾಕು. ಪ್ರಯಾಣ ವಿಮೆಯ ಕಾಗದದಲ್ಲಿ "ಯುದ್ಧ" ಎಂಬ ಪದ ಎಲ್ಲಿದೆ ಎಂದು ಹುಡುಕಿ ಓದಿ, ಬಹಳಷ್ಟು ಪಾಲಿಸಿಗಳು ಅಲ್ಲಿ ಕೈತೊಳೆದುಕೊಂಡಿರುತ್ತವೆ. ಒಬ್ಬರೇ ಬರುವ ಹಿರಿಯರ ಕೈಚೀಲದಲ್ಲಿ ಎರಡು ದಿನಕ್ಕಾಗುವಷ್ಟು ಮಾತ್ರೆ, ಫೋನ್ ಚಾರ್ಜರ್, ನಿಮ್ಮ ನಂಬರ್ ಬರೆದ ಚೀಟಿ ಇರಲಿ. ದಾರಿ ಮಧ್ಯೆ ಆಕಾಶ ಮುಚ್ಚಿದರೆ ಅವರು ಯಾವ ಊರಿನಲ್ಲಿ ಇಳಿಯುತ್ತಾರೋ ಹೇಳಲಾಗದು. ಇದನ್ನು ನಾನು ಬರೆಯುವ ಹೊತ್ತಿಗೂ ನೀವು ಓದುವ ಹೊತ್ತಿಗೂ ಯುದ್ಧದ ನಕ್ಷೆ ಬದಲಾಗಿರಬಹುದು, ಆದ್ದರಿಂದ ಹೊರಡುವ ವಾರದಲ್ಲಿ ಇನ್ನೊಮ್ಮೆ ನೋಡಿ.

ಕೊನೆಗೆ ನಾನೇನು ಮಾಡಿದೆ ಅಂತೀರಾ? ಟಿಕೆಟ್ ಕೊಳ್ಳುವ ಮುನ್ನ ಒಂದು ವಿಮಾನ ಕಂಪನಿಗೆ (ಹೆಸರು ಬೇಡ) ಫೋನ್ ಮಾಡಿ ಅಮ್ಮನ ಪ್ರಶ್ನೆಯನ್ನೇ ಕೇಳಿದೆ. ಆ ಕಡೆಯಿದ್ದ ಹುಡುಗಿ ಪಾಪ, ತುಂಬಾ ವಿನಯವಾಗಿ ಮಾತಾಡಿದಳು. ಕಿಟಕಿ ಪಕ್ಕದ ಸೀಟು, ಸಸ್ಯಾಹಾರಿ ಊಟ, ಮಗುವಿಗೆ ತೊಟ್ಟಿಲು ಎಲ್ಲ ಹೇಳಬಲ್ಲಳು. ಯಾವ ದೇಶದ ಮೇಲೆ ಹೋಗುತ್ತದೆ ಎಂದಾಗ ಮಾತ್ರ, "ಸರ್, ಇದುವರೆಗೆ ಇದನ್ನ ಯಾರೂ ಕೇಳಿರಲಿಲ್ಲ" ಎಂದಳು.

ಆ ಮಾತೇ ಈ ಲೇಖನ ಬರೆಸಿತು. ಯಾರೂ ಕೇಳದಿದ್ದರೆ ಅವರು ಯಾಕೆ ಹೇಳಿಯಾರು? ನಾವು ದರ ಕೇಳುತ್ತೇವೆ, ಲಗೇಜು ಕೇಳುತ್ತೇವೆ, ಅದಕ್ಕೆ ಅವೆರಡನ್ನೂ ದೊಡ್ಡ ಅಕ್ಷರದಲ್ಲಿ ಹಾಕುತ್ತಾರೆ. ನಮ್ಮ ಸಂಘದ ಮುನ್ನೂರು ಮನೆಯವರು, ಜೊತೆಗೆ ತಮಿಳು, ತೆಲುಗು, ಗುಜರಾತಿ, ಪಂಜಾಬಿ ಸಂಘದವರು ಎಲ್ಲ ಕೇಳತೊಡಗಿದರೆ ಉತ್ತರ ಕೊಡಲು ಒಂದು ಜಾಗ ಮಾಡಲೇಬೇಕಾಗುತ್ತದೆ. ಮುಂದಿನ ಕಾರ್ಯಕಾರಿ ಸಮಿತಿಯ ಸಭೆಯಲ್ಲಿ ನಾನು ಒಂದು ಪತ್ರದ ಕರಡು ಇಡುತ್ತೇನೆ. ಇಲ್ಲಿಂದ ಭಾರತಕ್ಕೆ ಹಾರುವ ಕಂಪನಿಗಳಿಗೂ, ನಮ್ಮ ಭಾಗದ ಸಂಸದರಿಗೂ ಕಳಿಸುವ ಎರಡು ಪುಟದ ಪತ್ರ. ಒಪ್ಪುವವರು ಸಹಿ ಹಾಕಿ. ಒಪ್ಪದವರು ದಯವಿಟ್ಟು ಕಾರಣ ಬರೆದು ಸಂಪಾದಕರಿಗೆ ಕಳಿಸಿ. ವಿಮಾನಯಾನದಲ್ಲೇ ಕೆಲಸ ಮಾಡುವ ಸದಸ್ಯರು ನಮ್ಮಲ್ಲಿದ್ದಾರೆ, ನನ್ನ ತಿಳುವಳಿಕೆಯಲ್ಲಿ ತಪ್ಪಿದ್ದರೆ ತಿದ್ದಿ, ಬೇಸರವಿಲ್ಲ.

ಟಿಕೆಟ್ ಕೊಂಡಾಗಿದೆ. ನಾಲ್ಕು ದಿನ ನಕ್ಷೆ ನೋಡಿ, ಸ್ವಲ್ಪ ಸುತ್ತು, ಸ್ವಲ್ಪ ದುಬಾರಿ ಅನ್ನಿಸಿದರೂ ನಾನೂ ನನ್ನಾಕೆಯೂ ಒಪ್ಪಿದ ದಾರಿ. ಯುಗಾದಿ ಊಟದ ಹೀರೋ ಪಟ್ಟ ಈ ವರ್ಷವೂ ತಪ್ಪಿತು! ಭಾನುವಾರ ಅಮ್ಮನಿಗೆ ಫೋನ್ ಮಾಡಿ, ಮಗಳ ಶಾಲೆಯ ಅಟ್ಲಾಸ್ ಮುಂದಿಟ್ಟುಕೊಂಡು ಒಂದೊಂದೇ ದೇಶದ ಹೆಸರು ಓದಿ ಹೇಳಿದೆ. ಅಮ್ಮ ಎಲ್ಲವನ್ನೂ ಕೇಳಿಸಿಕೊಂಡು, "ಸರಿ. ಹತ್ತೋ ಮುಂಚೆ ಇನ್ನೊಂದ್ಸಲ ಕೇಳ್ಕೊಂಡು ಹತ್ತಿ" ಎಂದರು.

ಬಸ್ಸಿನಲ್ಲಿ ಓಡಾಡಿದವರಿಗೆ ಗೊತ್ತಿರುತ್ತದೆ.


ಬರ್ಮಿಂಗ್‌ಹ್ಯಾಮಿನಿಂದ ನಿಮ್ಮವನೇ ಆದ ಒಬ್ಬ ಸದಸ್ಯ